ಅಗ್ಗದ ಮಧ್ಯಮ ನಗರಕ್ಕೆ ವಾಸ ಬದಲಿಸಬೇಕೆ? ಹೊರಡುವ ಮುನ್ನ ಹಾಕಬೇಕಾದ ಲೆಕ್ಕ, ಮಾಡಬೇಕಾದ ಪರೀಕ್ಷೆ

ದೊಡ್ಡ ನಗರದಲ್ಲಿ ಬಾಡಿಗೆ ಕಟ್ಟಿ ಕಟ್ಟಿ ಸುಸ್ತಾದವರು ಮೊದಲು ಮಾಡುವ ಕೆಲಸ, ಚಿಕ್ಕದೊಂದು ನಗರದಲ್ಲಿ ಅಷ್ಟೇ ದೊಡ್ಡ ಮನೆಗೆ ಬಾಡಿಗೆ ಎಷ್ಟೆಂದು ಹುಡುಕಿ ನೋಡುವುದು. ಅರ್ಧ ಎಂದು ಕಂಡರೆ ಸಾಕು, ಮನಸ್ಸು ಆಗಲೇ ಅಲ್ಲಿಗೆ ಹೊರಟಿರುತ್ತದೆ. ಬಾಡಿಗೆ ಇಳಿಯುವುದೇನೋ ನಿಜ. ಆದರೆ ಅದೊಂದನ್ನೇ ನಂಬಿ ಹೋದರೆ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವ ಹಣ ಮೊದಲಿನಷ್ಟೇ ಇರಬಹುದು, ಕೆಲವೊಮ್ಮೆ ಅದಕ್ಕಿಂತ ಕಡಿಮೆಯೂ ಆಗಬಹುದು. ಹೀಗಾಗದಿರಲು ಮೊದಲು ಕಾಗದದ ಮೇಲೆ ಲೆಕ್ಕ ಹಾಕಬೇಕು, ಆಮೇಲೆ ಅಲ್ಲಿ ಕೆಲವು ವಾರ ಇದ್ದು ನೋಡಬೇಕು, ಹೋಗುವಾಗ ವಾಪಸು ಬರುವ ದಾರಿಯನ್ನು ಒಂದು ವರ್ಷವಾದರೂ ತೆರೆದಿಟ್ಟುಕೊಳ್ಳಬೇಕು. ಇಷ್ಟಕ್ಕೆ 3ರಿಂದ 6 ತಿಂಗಳು ಹಿಡಿಯುತ್ತದೆ. ಅದಕ್ಕಿಂತ ಅವಸರ ಬೇಡ.

ಓಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ ವಿಂಗಡಣೆಯಲ್ಲಿ 2 ಲಕ್ಷದಿಂದ 5 ಲಕ್ಷ ಜನಸಂಖ್ಯೆಯ ನಗರ ಪ್ರದೇಶ ಮಧ್ಯಮ ಗಾತ್ರದ್ದು. ಇದೇನೂ ಕಟ್ಟುನಿಟ್ಟಿನ ಗೆರೆಯಲ್ಲ. ನಿಮ್ಮ ದೃಷ್ಟಿಯಿಂದ ಮಧ್ಯಮ ನಗರವೆಂದರೆ ದಿನನಿತ್ಯಕ್ಕೆ ಬೇಕಾದದ್ದೆಲ್ಲ ಸಿಗುವ, ಆದರೆ ಪ್ರತಿಯೊಂದೂ ಒಂದೆರಡು ಕಡೆ ಮಾತ್ರ ಸಿಗುವ ಊರು. ನರರೋಗ ತಜ್ಞರು ಇಬ್ಬರೇ, ನಿಮ್ಮ ಕಸುಬಿನ ಕಂಪನಿಗಳು ಮೂರೇ, ವಿಮಾನ ದಿನಕ್ಕೆ ಎರಡೇ. ಎಲ್ಲ ಸರಿಯಾಗಿರುವಾಗ ಈ ಕೊರತೆ ಕಾಣುವುದೇ ಇಲ್ಲ. ಒಂದು ಕೈಕೊಟ್ಟ ದಿನ ಎರಡನೆಯದು ಎಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ಮುಂದಿನ ಹಂತಗಳಲ್ಲೆಲ್ಲ ಈ ಪ್ರಶ್ನೆಯನ್ನು ಜೊತೆಯಲ್ಲೇ ಇಟ್ಟುಕೊಳ್ಳಿ.

ಹಂತ 1: ಏಕೆ ಹೊರಟಿದ್ದೀರೆಂದು ಬರೆದಿಡಿ

ಈಗಿರುವ ಊರಿನಲ್ಲಿ ನಿಮಗೆ ಬೇಸರ ತರಿಸುವ ಸಂಗತಿಗಳನ್ನೆಲ್ಲ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆಯೂ ಅದು ಊರಿಂದ ಬಂದದ್ದೋ, ಬಡಾವಣೆಯಿಂದಲೋ, ಮನೆಯಿಂದಲೋ, ಕೆಲಸದಿಂದಲೋ ಎಂದು ಗುರುತು ಹಾಕಿ. ಬಿಸಿಲು ಬಾರದ ಕೋಣೆ, ಪಕ್ಕದ ಮನೆಯ ಗದ್ದಲ ಇವೆಲ್ಲ ಮನೆಯ ತೊಂದರೆ. ಎರಡು ಗಂಟೆಯ ಓಡಾಟ ಹೆಚ್ಚಾಗಿ ಬಡಾವಣೆಯ ತೊಂದರೆ. ರಾತ್ರಿ ಹತ್ತಾದರೂ ಮುಗಿಯದ ಮೀಟಿಂಗ್ ಕೆಲಸದ ತೊಂದರೆ. ಅದೇ ಕೆಲಸವನ್ನು ಮನೆಯಿಂದ ಮಾಡುವ ಯೋಚನೆ ನಿಮ್ಮದಾಗಿದ್ದರೆ ಆ ಮೀಟಿಂಗೂ ಸಾಮಾನಿನ ಜೊತೆ ಲಾರಿ ಹತ್ತಿ ಬರುತ್ತದೆ.

ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಂಗತಿಗಳು ಊರಿಗೇ ಸೇರಿದವಾದರೆ ಮಾತ್ರ ಊರು ಬದಲಿಸುವುದರಿಂದ ಪ್ರಯೋಜನವುಂಟು. ಇಲ್ಲವಾದರೆ ಇದೇ ನಗರದ ಅಂಚಿನ ಬಡಾವಣೆಗೆ ಹೋಗುವುದನ್ನೂ ಒಂದು ಆಯ್ಕೆಯಾಗಿ ಲೆಕ್ಕದಲ್ಲಿ ಸೇರಿಸಿಕೊಳ್ಳಿ. "ಇರುವುದೋ, ಬಿಡುವುದೋ" ಎಂದು ಎರಡೇ ದಾರಿ ಇಟ್ಟುಕೊಂಡು ಯೋಚಿಸುವವರು ಎಡವುವುದು ಇಲ್ಲೇ.

ಮನೆಯ ಪ್ರತಿಯೊಬ್ಬರೂ, ಹತ್ತು ವರ್ಷ ದಾಟಿದ ಮಕ್ಕಳೂ ಸೇರಿ, ತಮ್ಮ ತಮ್ಮ ಪಟ್ಟಿಯನ್ನು ಬೇರೆ ಬೇರೆ ಕೂತು ಬರೆಯಬೇಕು. ಒಟ್ಟಿಗೆ ಕೂತರೆ ಜೋರಾಗಿ ಮಾತಾಡುವವರ ಪಟ್ಟಿಯೇ ಎಲ್ಲರ ಪಟ್ಟಿಯಾಗಿಬಿಡುತ್ತದೆ.

ಹಂತ 2: ಬಾಡಿಗೆ ಬಿಟ್ಟು ಉಳಿತಾಯ ನೋಡಿ

ಬ್ಯಾಂಕ್ ಮತ್ತು ಕಾರ್ಡ್ ವಿವರಗಳಿಂದ ಕಳೆದ 12 ತಿಂಗಳ ಖರ್ಚನ್ನು ತೆಗೆಯಿರಿ. ಮೂರು ತಿಂಗಳದು ಸಾಲದು. ವಿಮೆಯ ಕಂತು, ಶಾಲೆಯ ಶುಲ್ಕ, ಹಬ್ಬದ ಖರ್ಚು, ವಾಹನದ ದುರಸ್ತಿ ವರ್ಷಕ್ಕೆ ಒಂದೆರಡು ಸಲವೇ ಬರುವುದರಿಂದ ತಪ್ಪಿಹೋಗುತ್ತವೆ. ಒಟ್ಟನ್ನು 12ರಿಂದ ಭಾಗಿಸಿ, ಕೈಗೆ ಬರುವ ಸಂಬಳವನ್ನು 100 ಭಾಗ ಎಂದಿಟ್ಟುಕೊಂಡು ಪ್ರತಿ ಬಾಬತ್ತಿಗೂ ಎಷ್ಟು ಹೋಗುತ್ತಿದೆ ಎಂದು ಬರೆಯಿರಿ.

ಒಂದು ಕುಟುಂಬದ ಲೆಕ್ಕ ಹೀಗಿದೆ ಎಂದುಕೊಳ್ಳೋಣ. ದೊಡ್ಡ ನಗರದಲ್ಲಿ ಬಾಡಿಗೆ 34, ಓಡಾಟ 8, ಊಟ ಮತ್ತು ದಿನಸಿ 18, ಮಕ್ಕಳ ಶಾಲೆ 10, ಸಾಲದ ಕಂತು 8, ವಿಮೆ ಮತ್ತು ಫೋನು 5, ಇತರೆ 9. ಒಟ್ಟು 92 ಖರ್ಚಾಗಿ 8 ಉಳಿಯುತ್ತದೆ. ಮಧ್ಯಮ ನಗರದಲ್ಲಿ ಬಾಡಿಗೆ ಅರ್ಧಕ್ಕಿಳಿದು 17 ಆಯಿತು. ಬಸ್ಸು ವಿರಳವಾದ್ದರಿಂದ ಎರಡನೇ ವಾಹನ ಬೇಕಾಗಿ ಓಡಾಟ 11ಕ್ಕೆ ಏರಿತು. ದಿನಸಿ 16, ಶಾಲೆ 9, ಇತರೆ 8. ಸಾಲದ ಕಂತಿನ 8, ವಿಮೆ ಮತ್ತು ಫೋನಿನ 5 ಹಾಗೇ ಉಳಿದವು. ಹೊಸದಾಗಿ ಸೇರಿದ್ದು, ಹಿರಿಯರನ್ನು ನೋಡಲು ಹೋಗಿಬರುವ ಖರ್ಚು, 4. ಎಲ್ಲ ಸೇರಿ 78.

ಸಂಬಳ ಅಷ್ಟೇ ಇದ್ದರೆ 22 ಉಳಿಯುತ್ತದೆ. ಇದು ದೊಡ್ಡ ಬದಲಾವಣೆ. ಆದರೆ ಹೊಸ ಊರಿನ ಕೆಲಸಕ್ಕೆ ಕೈಗೆ ಬರುವುದು 85 ಆದರೆ ಉಳಿಯುವುದು 7. ಬಾಡಿಗೆ ಅರ್ಧವಾಗಿಯೂ ಉಳಿತಾಯ ಮೊದಲಿಗಿಂತ ಕಡಿಮೆ. ಈ ಕುಟುಂಬದ ಮಟ್ಟಿಗೆ ಸಂಬಳದ ಕಡಿತ ನೂರಕ್ಕೆ 14 ಆಗುವವರೆಗೆ ನಷ್ಟವಿಲ್ಲ, ಅದನ್ನು ದಾಟಿದರೆ ಹಣದ ಕಾರಣಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ನಿಮ್ಮ ಮನೆಯ ಈ ಅಂಕಿಯನ್ನು ಕಂಡುಕೊಳ್ಳುವುದೇ ಈ ಹಂತದ ಗುರಿ. ಹಳೆಯ ಸಂಬಳದಿಂದ ಹೊಸ ಊರಿನ ಅಂದಾಜು ಖರ್ಚನ್ನೂ ಈಗಿನ ಉಳಿತಾಯವನ್ನೂ ಕಳೆದರೆ ಅದು ಸಿಗುತ್ತದೆ.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ಊರು ಬದಲಾದರೂ ಬದಲಾಗದ ಖರ್ಚುಗಳನ್ನು ಮರೆಯುವುದು ಮೊದಲನೆಯದು. ಫೋನು, ಲ್ಯಾಪ್‌ಟಾಪು, ವಿಮೆ, ಸಾಲ, ಆನ್‌ಲೈನ್ ಚಂದಾ ಎಲ್ಲಿದ್ದರೂ ಒಂದೇ ಬೆಲೆ; ಸಂಬಳ ಇಳಿದಾಗ ಇವೇ ಭಾರವಾಗಿ ಕಾಣುತ್ತವೆ. ಎರಡನೆಯದು ನಿವೃತ್ತಿ ನಿಧಿ. ಅದಕ್ಕೆ ಕಟ್ಟುವುದು ಸಂಬಳದ ಶೇಕಡಾವಾರು ಆಗಿದ್ದರೆ, ಸಂಬಳ ಕಡಿಮೆಯಾದಷ್ಟೂ ಅಲ್ಲಿ ಸೇರುವ ಹಣವೂ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಮೂರನೆಯದು, ಜೀವನವೆಚ್ಚದ ಅಂತರ್ಜಾಲ ಸೂಚ್ಯಂಕಗಳನ್ನು ಕಣ್ಣುಮುಚ್ಚಿ ನಂಬುವುದು. ಹೆಚ್ಚು ಬಳಕೆಯಲ್ಲಿರುವ ನಂಬಿಯೋ ತಾಣ ನ್ಯೂಯಾರ್ಕನ್ನು 100 ಎಂದಿಟ್ಟುಕೊಂಡು ಉಳಿದ ಊರುಗಳನ್ನು ಅಳೆಯುತ್ತದೆ. ಅಲ್ಲಿನ ಬೆಲೆಗಳು ಬಹುಪಾಲು ಬಳಕೆದಾರರು ತುಂಬಿದವು, ಅದರ ಮುಖ್ಯ ಸೂಚ್ಯಂಕದಲ್ಲಿ ಬಾಡಿಗೆ ಸೇರಿರುವುದಿಲ್ಲ. ದೊಡ್ಡ ನಗರಕ್ಕೆ ನೂರಾರು ಜನ ಬೆಲೆ ತುಂಬುತ್ತಾರೆ. ಮಧ್ಯಮ ನಗರಕ್ಕೆ ಬೆರಳೆಣಿಕೆಯ ಜನ ತುಂಬಿದ್ದರೆ ಒಬ್ಬರ ತಪ್ಪೂ ಸರಾಸರಿಯನ್ನು ಎತ್ತಿಹಾಕುತ್ತದೆ. ಅದರ ಬದಲು ನಿಮ್ಮದೇ 20 ವಸ್ತುಗಳ ಪಟ್ಟಿಯನ್ನು ಅಲ್ಲಿನ ಅಂಗಡಿಗಳಲ್ಲಿ ಕೇಳಿ ತುಂಬಿಸಿ.

ಇನ್ನು ಒಂದೇ ಸಲ ಆಗುವ ಖರ್ಚು: ಪ್ಯಾಕಿಂಗು ಮತ್ತು ಸಾಗಣೆ, ಒಂದು ತಿಂಗಳ ಎರಡೆರಡು ಬಾಡಿಗೆ, ದಲ್ಲಾಳಿ ಕಮಿಷನ್, ಶಾಲೆಯ ಹೊಸ ಪ್ರವೇಶ, ವಾಹನದ ಮರುನೋಂದಣಿ, ಹೊಸ ಮನೆಗೆ ಹೊಂದದ ಪರದೆ, ಕಪಾಟು, ದೀಪಗಳು. ಮುಂಗಡ ಹಣ ಖರ್ಚಲ್ಲದಿದ್ದರೂ ಕೈಯಿಂದ ಹೋಗುವ ಹಣವೇ, ಅದನ್ನು ಬೇರೆಯಾಗಿ ಬರೆಯಿರಿ. ಮೇಲಿನ ಕುಟುಂಬಕ್ಕೆ ಇದೆಲ್ಲ 60 ಭಾಗ ಆಯಿತೆನ್ನಿ. ಸಂಬಳ ನೂರಕ್ಕೆ 5 ಇಳಿದರೆ ತಿಂಗಳಿಗೆ 17 ಉಳಿಯುತ್ತದೆ, ಮೊದಲಿಗಿಂತ 9 ಹೆಚ್ಚು, ಹಾಕಿದ ಹಣ 7 ತಿಂಗಳಲ್ಲಿ ವಾಪಸು ಬರುತ್ತದೆ. ನೂರಕ್ಕೆ 10 ಇಳಿದರೆ ಹೆಚ್ಚುವರಿ 4 ಮಾತ್ರ, 15 ತಿಂಗಳು ಬೇಕು. 24 ತಿಂಗಳು ಮೀರುವುದಾದರೆ ಹಣವನ್ನು ಕಾರಣಗಳ ಪಟ್ಟಿಯಿಂದ ಹೊಡೆದುಹಾಕಿ, ಉಳಿದ ಕಾರಣಗಳು ಸಾಕೇ ಎಂದು ನೋಡಿ.

ಹಂತ 3: ಎರಡನೇ ಕೆಲಸ ಎಲ್ಲಿದೆ?

ಕೈಯಲ್ಲಿರುವ ನೇಮಕಾತಿ ಪತ್ರ ಮೊದಲನೇ ಕೆಲಸದ್ದು. ಅದು ಹೋದರೆ ಅದೇ ಊರಿನಲ್ಲಿ ಸಿಗುವ ಕೆಲಸ ಯಾವುದು? ಇದಕ್ಕೆ ಉತ್ತರ ಹುಡುಕದೆ ಹೋಗುವುದು ಎಲ್ಲ ತಪ್ಪುಗಳಲ್ಲಿ ದೊಡ್ಡದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಅಮೆರಿಕದ ಒಹಾಯೋ ರಾಜ್ಯದ ಯಂಗ್ಸ್‌ಟೌನ್ ನಗರವನ್ನು ನೋಡಿ. ಉಕ್ಕಿನ ಕಾರ್ಖಾನೆಗಳ ಮೇಲೆ ನಿಂತಿದ್ದ ಊರು. 1930ರ ಜನಗಣತಿಯಲ್ಲಿ ಸುಮಾರು 1.7 ಲಕ್ಷ ಜನರಿದ್ದರು. 1977ರ ಸೆಪ್ಟೆಂಬರ್ 19ರಂದು ಅಲ್ಲಿನ ದೊಡ್ಡ ಉಕ್ಕಿನ ಕಂಪನಿಯೊಂದು ತನ್ನ ಮುಖ್ಯ ಘಟಕವನ್ನು ಮುಚ್ಚುವುದಾಗಿ ಘೋಷಿಸಿತು, ಸುಮಾರು 5,000 ಜನರ ಕೆಲಸ ಹೋಯಿತು. ಬೇರೆ ಕಾರ್ಖಾನೆಗಳೂ ಅದರ ಹಿಂದೆಯೇ ಮುಚ್ಚಿದವು. 2020ರ ಹೊತ್ತಿಗೆ ಉಳಿದವರು ಸುಮಾರು 60 ಸಾವಿರ. ಒಂದೇ ಉದ್ಯಮವನ್ನು ನಂಬಿದ ಊರಿನಲ್ಲಿ ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ. ಕೆಲಸ ಹೋಗುತ್ತದೆ, ಅದೇ ಕಾರಣಕ್ಕೆ ಮನೆಯನ್ನು ಕೊಳ್ಳುವವರೂ ಇಲ್ಲವಾಗುತ್ತಾರೆ, ಮಾರಿ ಹೊರಡೋಣವೆಂದರೂ ಆಗುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಸತತ 90 ದಿನ ಆ ನಗರದ ಉದ್ಯೋಗ ಪ್ರಕಟಣೆಗಳನ್ನು ಗಮನಿಸಿ, ನೀವು ನಿಜವಾಗಿ ಅರ್ಹರಿರುವ, ಈಗಿನ ಸಂಬಳದ ನೂರಕ್ಕೆ 80ಕ್ಕಿಂತ ಹೆಚ್ಚು ಕೊಡುವ ಕೆಲಸಗಳನ್ನು ಮಾತ್ರ ಎಣಿಸಿ. ಕನಿಷ್ಠ ಮೂರು ಬೇರೆ ಬೇರೆ ಸಂಸ್ಥೆಗಳಿಂದ ಐದಾದರೂ ಬಂದಿರಬೇಕು. ಒಂದೂ ಬಾರದಿದ್ದರೆ ಆ ಊರಿನಲ್ಲಿ ನಿಮ್ಮ ಜೀವನ ಒಂದೇ ಕಂಪನಿಯ ಮೇಲೆ ನಿಂತಿರುತ್ತದೆ. ದುಡಿಯುವವರು ಇಬ್ಬರಿದ್ದರೆ ಇಬ್ಬರಿಗೂ ಬೇರೆ ಬೇರೆ ಎಣಿಕೆ. ಒಬ್ಬರಿಗೆ ಕೆಲಸ ಸಿಕ್ಕಿ ಇನ್ನೊಬ್ಬರು "ಹೋದಮೇಲೆ ಹುಡುಕಿದರಾಯಿತು" ಎಂದುಕೊಂಡರೆ, ಹಂತ 2ರ ಲೆಕ್ಕವನ್ನು ಒಂದೇ ಸಂಬಳದಲ್ಲಿ ಮತ್ತೆ ಹಾಕಬೇಕು.

ಮನೆಯಿಂದಲೇ ಕೆಲಸ ಮಾಡುವವರು ಮೂರು ವಿಷಯಗಳನ್ನು ಕಂಪನಿಯಿಂದ ಲಿಖಿತವಾಗಿ ಪಡೆಯಿರಿ: ಊರು ಬದಲಿಸಲು ಒಪ್ಪಿಗೆ, ಊರಿಗೆ ತಕ್ಕಂತೆ ಸಂಬಳ ಪರಿಷ್ಕರಣೆ ಆಗುತ್ತದೆಯೇ ಎಂಬುದು, ಕಚೇರಿಗೆ ಕರೆದರೆ ಎಷ್ಟು ದಿನದ ಮುಂಚೆ ತಿಳಿಸುತ್ತಾರೆ ಎಂಬುದು. ಮ್ಯಾನೇಜರ್ ಬಾಯಿಮಾತಿನ ಒಪ್ಪಿಗೆ ಆ ಮ್ಯಾನೇಜರ್ ಇರುವವರೆಗೆ ಮಾತ್ರ. ಇಂಟರ್ನೆಟ್ ವಿಚಾರದಲ್ಲಿ ಜಾಹೀರಾತಿನಲ್ಲಿ ಕಾಣುವುದು ಡೌನ್‌ಲೋಡ್ ವೇಗ, ವಿಡಿಯೊ ಮೀಟಿಂಗಿನಲ್ಲಿ ಕೈಕೊಡುವುದು ಅಪ್‌ಲೋಡ್. ಒಳ್ಳೆಯ ಗುಣಮಟ್ಟದ ಕರೆಗೆ ಒಬ್ಬರಿಗೆ ಸೆಕೆಂಡಿಗೆ 3ರಿಂದ 4 ಮೆಗಾಬಿಟ್ ಅಪ್‌ಲೋಡ್ ಬೇಕು. ಧ್ವನಿ ಒಂದು ತುದಿಯಿಂದ ಇನ್ನೊಂದು ತುದಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಮಾತು ಸಹಜವಾಗಿರುತ್ತದೆ, ತಡವಾದಷ್ಟೂ ಇಬ್ಬರೂ ಒಟ್ಟಿಗೆ ಮಾತಾಡತೊಡಗುತ್ತಾರೆ. ಬೇರೆ ಕಂಪನಿಯ, ಬೇರೆ ತಂತಿಯ ಎರಡನೇ ಸಂಪರ್ಕ ಆ ಬೀದಿಗೇ ಸಿಗುತ್ತದೆಯೇ ಎಂದು ವಿಚಾರಿಸಿ. ನಗರಕ್ಕೆ ಸಿಗುತ್ತದೆ ಎಂಬ ಉತ್ತರ ಪ್ರಯೋಜನಕ್ಕೆ ಬಾರದು.

ಹಂತ 4: ಆಸ್ಪತ್ರೆ, ಶಾಲೆ, ಗಾಳಿ

ಆಸ್ಪತ್ರೆ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ನಿಮಿಷಗಳನ್ನು ಕೇಳಿ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಬಡಿದಾಗ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಕಂಡ 4.5 ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ತೀವ್ರ ಹೃದಯಾಘಾತದಲ್ಲಿ ಮುಚ್ಚಿದ ರಕ್ತನಾಳವನ್ನು 120 ನಿಮಿಷದೊಳಗೆ ತೆರೆಯಬೇಕೆಂಬುದು ವೈದ್ಯರ ಗುರಿ. ಹಾಗಾಗಿ ನೋಡಿಟ್ಟ ಮನೆಯಿಂದ, ದಿನದ 24 ಗಂಟೆಯೂ ಆಂಜಿಯೊಪ್ಲಾಸ್ಟಿ ಮಾಡುವ ಆಸ್ಪತ್ರೆಗೆ ಸಂಜೆಯ ದಟ್ಟಣೆಯಲ್ಲಿ ಎಷ್ಟು ಹೊತ್ತು ಬೇಕೆಂದು ನೀವೇ ಗಾಡಿ ಓಡಿಸಿ ನೋಡಿ. ಮನೆಯಲ್ಲಿ ಯಾರಿಗಾದರೂ ದೀರ್ಘಕಾಲದ ಕಾಯಿಲೆ ಇದ್ದರೆ ಆ ವಿಭಾಗದ ತಜ್ಞರ ಭೇಟಿಗೆ ಸಮಯ ಕೇಳಿ ಫೋನ್ ಮಾಡಿ. ಎಷ್ಟನೇ ದಿನಕ್ಕೆ ಸಿಗುತ್ತದೋ ಅದೇ ಅಲ್ಲಿನ ನಿಜವಾದ ಸೌಲಭ್ಯ. ಇಂಥ ತಜ್ಞರು ಒಬ್ಬರೇ ಇದ್ದು, ಅವರೂ ನಿವೃತ್ತಿಯ ವಯಸ್ಸಿನವರಾಗಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಶಾಲೆಯ ವಿಚಾರದಲ್ಲಿ ಈಗಿನ ತರಗತಿಗಿಂತ ಮಗುವಿನ ಮುಂದಿನ ಐದು ವರ್ಷ ನೋಡಿ. ಪ್ರಾಥಮಿಕ ಹಂತಕ್ಕೆ ಒಳ್ಳೆಯ ಶಾಲೆಗಳಿದ್ದು, ದೊಡ್ಡ ತರಗತಿಗಳಿಗೆ ಬೇಕಾದ ವಿಷಯವೇ ಇಲ್ಲದಿದ್ದರೆ ಮತ್ತೊಮ್ಮೆ ಊರು ಬದಲಿಸಬೇಕಾದೀತು.

ಚಿಕ್ಕ ನಗರವೆಂದರೆ ಗಾಳಿ ಶುದ್ಧ ಎಂಬುದು ಅನೇಕ ಕಡೆ ಬರೀ ನಂಬಿಕೆ. ಕಾರ್ಖಾನೆ, ಗಣಿ, ಸುಡುವ ಬೆಳೆತ್ಯಾಜ್ಯ, ಗಾಳಿ ನಿಲ್ಲುವ ಕಣಿವೆ ಇದ್ದರೆ ಮಧ್ಯಮ ನಗರವೂ ಮಹಾನಗರದಷ್ಟೇ ಮಲಿನ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5 ಎಂಬ, ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೊಗ್ರಾಂ, ದಿನದ ಸರಾಸರಿ 15 ಮೀರಬಾರದೆಂದು ಸೂಚಿಸಿತು. ಆ ನಗರದ ವರ್ಷದ ಸರಾಸರಿಯ ಜೊತೆಗೆ ಅತಿ ಕೆಟ್ಟ ತಿಂಗಳ ಅಂಕಿಯನ್ನೂ ಹುಡುಕಿ. ಮನೆಯಲ್ಲಿ ಉಬ್ಬಸದವರಿದ್ದರೆ ಎರಡನೆಯ ಅಂಕಿಯೇ ಮುಖ್ಯ.

ಹಂತ 5: ಜನ ಮತ್ತು ಸಮಯ

ಲೆಕ್ಕದ ಹಾಳೆಯಲ್ಲಿ ಬಾರದ, ಆದರೆ ವಾಪಸು ಬರುವಂತೆ ಮಾಡುವ ಕಾರಣ ಒಂಟಿತನ. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪರಿಚಯವೊಂದು ಸಾಧಾರಣ ಗೆಳೆತನವಾಗಲು ಒಟ್ಟಿಗೆ ಕಳೆದ ಸುಮಾರು 50 ಗಂಟೆ ಬೇಕು, ಆಪ್ತ ಗೆಳೆತನಕ್ಕೆ 200ಕ್ಕೂ ಹೆಚ್ಚು. ವಾರಕ್ಕೆ 3 ಗಂಟೆ ಸಿಕ್ಕರೂ 200 ಗಂಟೆಗೆ 67 ವಾರವಾಗುತ್ತದೆ. ಮೊದಲ ವರ್ಷ ಆಪ್ತರಿಲ್ಲದ ವರ್ಷವೆಂದೇ ತಿಳಿದು ಹೊರಡಿ. ವಾರವಾರ ಅದೇ ಜನ ಸೇರುವ ಒಂದು ಗುಂಪನ್ನು, ಅದು ಆಟದ್ದೋ ಹಾಡಿನದ್ದೋ ಓದಿನದ್ದೋ ಯಾವುದಾದರೂ ಸರಿ, ಹೋಗುವ ಮೊದಲೇ ಗುರುತಿಸಿಟ್ಟುಕೊಳ್ಳಿ.

ವಯಸ್ಸಾದ ತಂದೆತಾಯಿ ಬೇರೆಡೆ ಇದ್ದರೆ ರಾತ್ರಿ ಎರಡಕ್ಕೆ ಫೋನ್ ಬಂದಾಗ ಅವರ ಬಾಗಿಲಿಗೆ ತಲುಪಲು ಎಷ್ಟು ಗಂಟೆ ಬೇಕೆಂದು ಲೆಕ್ಕ ಹಾಕಿ. ನೇರ ವಿಮಾನವಾಗಲಿ ರೈಲಾಗಲಿ ಇಲ್ಲದ ಊರಿನಿಂದ ಅರ್ಧ ದಿನದ ಪ್ರಯಾಣ ಒಂದೂವರೆ ದಿನಕ್ಕೆ ಹಿಗ್ಗುತ್ತದೆ.

ಮಧ್ಯಮ ನಗರದ ದೊಡ್ಡ ಲಾಭವೂ ಸಮಯದಲ್ಲೇ ಇದೆ. ಒಂದು ದಿಕ್ಕಿಗೆ 45 ನಿಮಿಷದ ಓಡಾಟ 15ಕ್ಕೆ ಇಳಿದರೆ ದಿನಕ್ಕೆ ಒಂದು ಗಂಟೆ, 230 ಕೆಲಸದ ದಿನಗಳಿಗೆ 230 ಗಂಟೆ. ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟಟ್ಜರ್ ಮತ್ತು ಬ್ರೂನೊ ಫ್ರೈ ಜರ್ಮನಿಯ ಅಂಕಿಅಂಶಗಳಲ್ಲಿ ಕಂಡದ್ದೇನೆಂದರೆ, ದೂರದ ಓಡಾಟದವರು ಅದರ ಬದಲಿಗೆ ಒಳ್ಳೆಯ ಮನೆ, ಒಳ್ಳೆಯ ಸಂಬಳ ಪಡೆದಿದ್ದರೂ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡರು. ಹಾಗೆಂದು ಮಧ್ಯಮ ನಗರದಲ್ಲೂ ಅಗ್ಗದ ಮನೆ ಬೇಕೆಂದು ಊರಾಚೆಗೆ ಹೋದರೆ ಈ 230 ಗಂಟೆಯೂ ಕೈತಪ್ಪುತ್ತದೆ.

ಹಂತ 6: ಅಲ್ಲಿ ಇದ್ದು ನೋಡಿ

ಕನಿಷ್ಠ ಎರಡು ವಾರ, ಸಾಧ್ಯವಾದರೆ ನಾಲ್ಕು. ಆ ಊರಿನ ಕೆಟ್ಟ ಹವಾಮಾನದ ತಿಂಗಳಲ್ಲೇ ಹೋಗಿ. ಒಳ್ಳೆಯ ತಿಂಗಳಲ್ಲಿ ಎಲ್ಲ ಊರೂ ಚೆಂದ. ಹೋಟೆಲಿನಲ್ಲಿ ಉಳಿಯಬೇಡಿ, ಮನೆ ಮಾಡಬೇಕೆಂದಿರುವ ಬಡಾವಣೆಯಲ್ಲೇ ಅಡುಗೆಮನೆ ಇರುವ ಜಾಗ ಹಿಡಿಯಿರಿ. ರಜೆ ಹಾಕದೆ ಕೆಲಸ ಮಾಡುತ್ತಲೇ ಇರಿ. ಪ್ರವಾಸಿಯ ಕಣ್ಣಿಗೆ ಕೆರೆ, ಬೆಟ್ಟ ಕಂಡಾವು. ನಲ್ಲಿ ನೀರು ಬರುವ ಹೊತ್ತು ಕಾಣುವುದಿಲ್ಲ.

ಆ ದಿನಗಳಲ್ಲಿ ಸೋಮವಾರ ಬೆಳಿಗ್ಗೆಯ ದಟ್ಟಣೆಯಲ್ಲಿ ಕಚೇರಿ ಮತ್ತು ಶಾಲೆಯ ದಾರಿಯಲ್ಲಿ ಓಡಾಡಿ. ರಾತ್ರಿ 8ರಿಂದ 10ರ ನಡುವೆ, ಎಲ್ಲರೂ ಬಳಸುವ ಹೊತ್ತಿನಲ್ಲಿ, ಇಂಟರ್ನೆಟ್ ವೇಗವನ್ನು ಐದು ದಿನ ಅಳೆಯಿರಿ. ವಿದ್ಯುತ್ ಹೋದ ಸಮಯ, ಬಂದ ಸಮಯ ಬರೆದಿಡಿ. ಒಂದು ವಾರದ ದಿನಸಿ ಬಿಲ್ಲುಗಳನ್ನು ಕೂಡಿಸಿ ಹಂತ 2ರ ಅಂದಾಜಿನ ಜೊತೆ ಹೋಲಿಸಿ. ನೂರಕ್ಕೆ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಉಳಿದ ಅಂದಾಜುಗಳನ್ನೂ ನಂಬಬೇಡಿ. ಸಣ್ಣ ಕಾಯಿಲೆಗೇ ಆಗಲಿ, ಒಮ್ಮೆ ವೈದ್ಯರ ಬಳಿ ಹೋಗಿಬನ್ನಿ. ಮಕ್ಕಳನ್ನು ಸಂಜೆ ಆಟದ ಮೈದಾನಕ್ಕೆ ಬಿಟ್ಟು ನೋಡಿ.

"ಊರು ಹೇಗಿದೆ?" ಎಂದರೆ ಎಲ್ಲರೂ "ಚೆನ್ನಾಗಿದೆ" ಎಂದೇ ಹೇಳುತ್ತಾರೆ. "ಕಳೆದ ಬೇಸಿಗೆಯಲ್ಲಿ ನೀರು ಎಷ್ಟು ದಿನ ಬರಲಿಲ್ಲ?", "ನಿಮ್ಮ ಬಾಡಿಗೆ ಮೂರು ವರ್ಷದಲ್ಲಿ ಎಷ್ಟು ಏರಿತು?", "ದೊಡ್ಡ ಕಾಯಿಲೆಗೆ ಎಲ್ಲಿಗೆ ಹೋಗುತ್ತೀರಿ?" ಎಂದು ಕೇಳಿ. ಹೊರಗಿನಿಂದ ಬಂದು ಎರಡು ವರ್ಷ ಆದವರು ಒಬ್ಬರಾದರೂ ಸಿಗಬೇಕು, ಬಂದು ಬಿಟ್ಟುಹೋದವರೂ ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಬಿಟ್ಟುಹೋದವರು ಹೇಳಿದಷ್ಟು ಸ್ಪಷ್ಟವಾಗಿ ಇದ್ದವರು ಹೇಳಲಾರರು.

ಹಂತ 7: ನಿರ್ಧಾರ

ಮೊದಲು ಬಿಡಲಾಗದ ಶರತ್ತುಗಳು, ಹೆಚ್ಚೆಂದರೆ ನಾಲ್ಕು: ಇಷ್ಟು ಉಳಿತಾಯ, ಎರಡನೇ ಕೆಲಸದ ಸಾಧ್ಯತೆ, ಆಸ್ಪತ್ರೆಗೆ ಇಷ್ಟು ನಿಮಿಷ, ಹೀಗೆ. ಒಂದು ತಪ್ಪಿದರೂ ಆ ಊರು ಪಟ್ಟಿಯಿಂದ ಹೊರಗೆ. ಎಲ್ಲಕ್ಕೂ ಅಂಕ ಕೊಟ್ಟು ಕೂಡಿಸುವ ಕೋಷ್ಟಕ ಮಾಡುವವರು ಈ ಕೆಲಸ ಮೊದಲು ಮಾಡದಿದ್ದರೆ, ಉದ್ಯಾನ ಮತ್ತು ಬಾಡಿಗೆಗೆ ಬಿದ್ದ ಅಂಕಗಳು ಆಸ್ಪತ್ರೆ ಇಲ್ಲದ ಕೊರತೆಯನ್ನು ಮುಚ್ಚಿಹಾಕುತ್ತವೆ.

ಆಮೇಲೆ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ವಿವರಿಸಿದ ಒಂದು ಅಭ್ಯಾಸ ಮಾಡಿ. ಎರಡು ವರ್ಷ ಕಳೆದಿದೆ, ಹೋದದ್ದು ಪೂರ್ತಿ ತಪ್ಪಾಗಿದೆ ಎಂದುಕೊಳ್ಳಿ. ಏನಾಯಿತೆಂದು ಮನೆಯ ಪ್ರತಿಯೊಬ್ಬರೂ ಹತ್ತು ನಿಮಿಷ ಬರೆಯಲಿ. "ತಪ್ಪಾಗಬಹುದೇ?" ಎಂದು ಕೇಳಿದಾಗ ಹೊರಬಾರದ ಅನುಮಾನಗಳು, ತಪ್ಪಾಗಿಯೇ ಬಿಟ್ಟಿದೆ ಎಂದುಕೊಂಡಾಗ ಹೊರಬರುತ್ತವೆ. ಒಂದೇ ಕಾರಣ ಇಬ್ಬರ ಹಾಳೆಯಲ್ಲಿ ಕಂಡರೆ ಅದಕ್ಕೆ ಪರಿಹಾರ ಸಿಗುವವರೆಗೆ ಮುಂದುವರಿಯಬೇಡಿ.

ಎಲ್ಲ ತೂಗಿ ನೋಡಿದ ಮೇಲೂ ತಕ್ಕಡಿ ಸಮವಾಗಿ ನಿಂತರೆ? ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್, ನಿರ್ಧಾರ ಮಾಡಲಾಗದೆ ನಾಣ್ಯ ಚಿಮ್ಮಲು ಒಪ್ಪಿದ ಸಾವಿರಾರು ಜನರನ್ನು ಗಮನಿಸಿ 2016ರಲ್ಲಿ ವರದಿ ಮಾಡಿದ್ದರು. ದೊಡ್ಡ ನಿರ್ಧಾರಗಳಲ್ಲಿ ಬದಲಾವಣೆ ಮಾಡಿಕೊಂಡವರು ಆರು ತಿಂಗಳ ನಂತರ, ಮಾಡದವರಿಗಿಂತ ಹೆಚ್ಚು ಸಂತೋಷ ಹೇಳಿಕೊಂಡರು. ಶರತ್ತುಗಳೆಲ್ಲ ಪೂರೈಸಿದ್ದು, ಅಂಜಿಕೆ ಮಾತ್ರ ತಡೆಯುತ್ತಿದ್ದರೆ ಹೋಗಿ ಎಂಬುದೇ ನಮ್ಮ ಸಲಹೆ.

ಹಂತ 8: ವಾಪಸು ದಾರಿ ಇಟ್ಟುಕೊಂಡು ಹೋಗುವುದು

ಮೊದಲ 12 ತಿಂಗಳು ಬಾಡಿಗೆ ಮನೆಯೇ ಸರಿ. ಅಗ್ಗವೆಂದು ಹೋದ ತಿಂಗಳಲ್ಲೇ ಮನೆ ಕೊಂಡರೆ ತಪ್ಪು ಬಡಾವಣೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ, ಅಲ್ಲದೆ ಮಧ್ಯಮ ನಗರದಲ್ಲಿ ಮನೆ ಮಾರಲು ದೊಡ್ಡ ನಗರಕ್ಕಿಂತ ಹೆಚ್ಚು ತಿಂಗಳು ಕಾಯಬೇಕಾದೀತು. ವರ್ಷದ ನಂತರ ಕೊಳ್ಳುವ ಮನಸ್ಸಾದರೆ ಮನೆಯ ಬೆಲೆಯನ್ನು ಅಂಥದೇ ಮನೆಯ ವರ್ಷದ ಬಾಡಿಗೆಯಿಂದ ಭಾಗಿಸಿ. ರೂಢಿಯ ಅಳತೆಯಲ್ಲಿ 15ಕ್ಕಿಂತ ಕಡಿಮೆ ಬಂದರೆ ಕೊಳ್ಳುವುದು ಲಾಭ, 20 ದಾಟಿದರೆ ಬಾಡಿಗೆಯೇ ಲಾಭ. ಈಗಿನ ಊರಿನಲ್ಲಿ ಸ್ವಂತ ಮನೆ ಇದ್ದರೆ ಮಾರಬೇಡಿ, ಒಂದು ವರ್ಷ ಬಾಡಿಗೆಗೆ ಕೊಡಿ. ದೊಡ್ಡ ನಗರದಲ್ಲಿ ಒಮ್ಮೆ ಮಾರಿದ ಮನೆಯನ್ನು ಮತ್ತೆ ಕೊಳ್ಳುವುದು ಕಷ್ಟ.

ಕೈಯಲ್ಲಿ 6 ತಿಂಗಳ ಖರ್ಚಿನ ಹಣ ಇರಲಿ. ಅದರ ಮೇಲೆ ವಾಪಸು ಸಾಗಣೆಯ ಖರ್ಚನ್ನು ಬೇರೆ ಖಾತೆಯಲ್ಲಿ ಇಡಿ. ಹಳೆಯ ಸಹೋದ್ಯೋಗಿಗಳ ಸಂಪರ್ಕ ಬಿಡಬೇಡಿ, ಎರಡನೇ ಕೆಲಸ ಹಲವು ಸಲ ಅವರಿಂದಲೇ ಸಿಗುವುದು. ಮಕ್ಕಳಿದ್ದರೆ ಶಾಲೆಯ ವರ್ಷ ಮುಗಿದ ಮೇಲೇ ಹೊರಡಿ.

ಹೊರಡುವ ಮೊದಲೇ ವಾಪಸಾತಿಯ ಶರತ್ತುಗಳನ್ನು ದಿನಾಂಕದ ಸಮೇತ ಬರೆದು ಎಲ್ಲರೂ ಸಹಿ ಹಾಕಿ: ಒಂಬತ್ತನೇ ತಿಂಗಳಿಗೂ ಇಬ್ಬರಲ್ಲಿ ಒಬ್ಬರಿಗೆ ಕೆಲಸ ಸಿಗದಿದ್ದರೆ, ಉಳಿತಾಯ ಆರು ತಿಂಗಳು ಸತತವಾಗಿ ಅಂದಾಜಿನ ಅರ್ಧಕ್ಕಿಂತ ಕಡಿಮೆಯಾದರೆ, ಮಗು ಶಾಲೆಯ ಎರಡನೇ ಅವಧಿಯಲ್ಲೂ ಹೊಂದಿಕೊಳ್ಳದಿದ್ದರೆ. ಮೊದಲ ಮೂರು ತಿಂಗಳ ಬೇಸರಕ್ಕೆ ಬೆಲೆ ಕೊಡಬೇಡಿ, ಅದು ಯಾವ ಊರಿಗೆ ಹೋದರೂ ಬರುವಂಥದು. 6, 12 ಮತ್ತು 18ನೇ ತಿಂಗಳಲ್ಲಿ ಹಂತ 1ರ ಹಾಳೆಗಳನ್ನು ತೆಗೆದು, ಅಂದು ಬರೆದ ಬೇಸರಗಳಲ್ಲಿ ಯಾವುವು ಹೋದವು, ಯಾವುವು ಜೊತೆಯಲ್ಲೇ ಬಂದವು ಎಂದು ಪ್ರತಿಯೊಬ್ಬರೂ ತಮ್ಮ ಹಾಳೆಯ ಮೇಲೆ ಗುರುತು ಹಾಕಿ.